ಒಂದು ಫಲಕ್ಕೆ ಒಂದು ಬಾಳು

ಗುಂಡ್ಲುಪೇಟೆ ಕಡೆಯ ತೋಟಗಳಲ್ಲಿ ತೆಂಗಿನ ಸಾಲಿನ ನಡುವೆ ಬಾಳೆ ಹಾಕುವುದು ಮಾಮೂಲು. ಮಣ್ಣು ಒಂದೇ, ಬೋರ್‌ವೆಲ್ ನೀರು ಒಂದೇ, ಹಾಕುವ ಗೊಬ್ಬರವೂ ಒಂದೇ. ಆದರೂ ಎರಡರ ಬದುಕಿಗೆ ಅಜಗಜಾಂತರ. ತೆಂಗು ಐದಾರು ವರ್ಷ ಸುಮ್ಮನೆ ಬೆಳೆಯುತ್ತದೆ, ಆಮೇಲೆ ಐವತ್ತು ಅರವತ್ತು ವರ್ಷ ಒಂದಾದ ಮೇಲೊಂದು ಹೊಂಬಾಳೆ ಬಿಡುತ್ತಲೇ ಇರುತ್ತದೆ. ಬಾಳೆ ಹಾಗಲ್ಲ. ವರ್ಷ ತುಂಬುವ ಹೊತ್ತಿಗೆ ಒಂದು ಗೊನೆ ಹಾಕಿತೆಂದರೆ ಆ ಗಿಡದ ಕಥೆ ಮುಗಿಯಿತು. ಗೊನೆ ಇಳಿಸಿದ ಮೇಲೆ ಗಿಡವನ್ನು ಕಡಿದು ಹಾಕುತ್ತಾರೆ. ಕಡಿಯದೆ ಬಿಟ್ಟರೂ ಅದು ಇನ್ನೊಂದು ಗೊನೆ ಹಾಕುವುದಿಲ್ಲ, ನಿಂತಲ್ಲೇ ಕೊಳೆಯುತ್ತದೆ. ಮುಂದಿನದೆಲ್ಲ ಪಕ್ಕದ ಕಂದಿನ ಪಾಲು.

ಇದನ್ನು ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಆದರೆ ಹೀಗೇಕೆ ಎಂದು ಕೇಳಿದರೆ ಹೆಚ್ಚಿನವರು ‘ಅದರ ಜಾತಿಯೇ ಹಾಗೆ’ ಎಂದು ಮಾತು ಮುಗಿಸುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ. ಜಗತ್ತಿನಲ್ಲಿ ಒಂದೇ ಜಾತಿಯ ಜೀವಿ ಒಂದು ಊರಿನಲ್ಲಿ ಒಮ್ಮೆ ಹೆತ್ತು ಸಾಯುವುದು, ಇನ್ನೊಂದು ಊರಿನಲ್ಲಿ ವರ್ಷ ವರ್ಷ ಹೆರುವುದು ಉಂಟು. ಅಂದ ಮೇಲೆ ಜಾತಿಯನ್ನು ದಾಟಿ ಇನ್ನೇನೋ ಇಲ್ಲಿ ಕೆಲಸ ಮಾಡುತ್ತಿರಬೇಕು.

ಎಷ್ಟು ವರ್ಷಕ್ಕೆ ಪ್ರಾಯಕ್ಕೆ ಬರುವುದು, ಎಷ್ಟು ಸಲ ಹೆರುವುದು, ಒಂದು ಸಲಕ್ಕೆ ಎಷ್ಟು ಮರಿ, ಎಷ್ಟು ದೊಡ್ಡ ಮೊಟ್ಟೆ, ಸಾವು ಯಾವಾಗ. ಇಷ್ಟನ್ನೂ ಒಟ್ಟು ಸೇರಿಸಿ ವಿಜ್ಞಾನಿಗಳು ಲೈಫ್ ಹಿಸ್ಟರಿ ಎನ್ನುತ್ತಾರೆ. ನಾವು ಬಾಳ್ವೆಯ ಲೆಕ್ಕ ಎನ್ನೋಣ. ತೆಂಗಿನಂಥವು ಬಹುಫಲಿಗಳು, ಬಾಳೆಯಂಥವು ಏಕಫಲಿಗಳು.

ಮೆಳೆ ಹೂ ಬಿಟ್ಟಾಗ

ಬಾಳೆಗಿಂತ ದೊಡ್ಡ ಏಕಫಲಿ ಅಲ್ಲೇ ಬಂಡೀಪುರದ ಕಾಡಿನಲ್ಲಿದೆ. ಬಿದಿರು. ಬಾಳೆಯಲ್ಲಿ ಗೊನೆ ಹಾಕಿದ ಗಿಡ ಮಾತ್ರ ಸಾಯುತ್ತದೆ, ಬುಡದ ಗೆಡ್ಡೆ ಉಳಿಯುತ್ತದೆ. ಬಿದಿರಿನಲ್ಲಿ ಇಡೀ ಮೆಳೆ ಬುಡಸಮೇತ ಹೋಗುತ್ತದೆ. ನಲವತ್ತು ವರ್ಷ ಮಳೆಗಾಲಕ್ಕೊಮ್ಮೆ ಕಳಲೆ ಹೊರಡಿಸುತ್ತಾ ಹಬ್ಬಿದ ಮೆಳೆ ಒಂದು ವರ್ಷ ಹೊಸ ಕಳಲೆ ಬಿಡುವುದನ್ನು ನಿಲ್ಲಿಸುತ್ತದೆ. ಎಲೆ ಉದುರುತ್ತದೆ. ಬೋಳಾದ ಗಳುವಿನ ಗಿಣ್ಣು ಗಿಣ್ಣಿನಲ್ಲೂ ಹುಲ್ಲಿನ ತೆನೆಯಂಥ ಒರಟು ಗೊಂಚಲು ಕಟ್ಟುತ್ತದೆ. ಬಿದಿರು ಹುಲ್ಲಿನ ಜಾತಿ ಎಂಬುದು ಕಣ್ಣಿಗೆ ಗೊತ್ತಾಗುವುದು ಆಗಲೇ. ತೆನೆ ಬಲಿತು ಉದುರಿದಾಗ ಮೆಳೆಯ ಕೆಳಗಿನ ನೆಲವನ್ನು ಗುಡಿಸಿ ಬಿದಿರಕ್ಕಿ ಒಟ್ಟುಮಾಡುತ್ತಾರೆ. ಭತ್ತಕ್ಕಿಂತ ಸಣ್ಣ ಕಾಳು, ಬೇಯಿಸಿದರೆ ಗೋಧಿಯ ರುಚಿಗೆ ಹತ್ತಿರ. ಸೋಲಿಗರಿಗೂ ಜೇನುಕುರುಬರಿಗೂ ಬೆಟ್ಟಕುರುಬರಿಗೂ ಇದು ತಲೆಮಾರಿಗೊಮ್ಮೆ ಸಿಗುವ ಊಟ. ಅವರ ಜೊತೆ ಕಾಡುಕೋಳಿ, ಇಲಿ, ಮುಳ್ಳುಹಂದಿ ಎಲ್ಲವೂ ಪಾಲಿಗೆ ಬರುತ್ತವೆ.

2010ರ ಆಸುಪಾಸಿನ ವರ್ಷಗಳಲ್ಲಿ ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡುಗಳಲ್ಲಿ ಹೀಗೆ ಬಿದಿರು ಹೂ ಬಿಟ್ಟು ಒಣಗಿ ನಿಂತದ್ದನ್ನು ಊಟಿ ರಸ್ತೆಯಲ್ಲಿ ಓಡಾಡಿದವರೆಲ್ಲ ನೋಡಿರುತ್ತಾರೆ. ಬಿದಿರು ಹೂ ಬಿಟ್ಟರೆ ಬರ ಎಂಬ ಹಿರಿಯರ ಮಾತು ಪೂರ್ತಿ ಮೂಢನಂಬಿಕೆಯಲ್ಲ. ಮಿಜೋರಾಂನಲ್ಲಿ ಬಿದಿರಕ್ಕಿ ತಿಂದು ಹೆಚ್ಚಿದ ಇಲಿಗಳು ಕಾಡಿನ ಕಾಳು ಮುಗಿದ ಮೇಲೆ ಗದ್ದೆಗೆ ನುಗ್ಗಿದವು. 1959ರ ಕ್ಷಾಮಕ್ಕೆ ಅದೇ ಕಾರಣ. ಆ ಸಿಟ್ಟಿನಿಂದ ಒಂದು ರಾಜಕೀಯ ಪಕ್ಷವೇ ಹುಟ್ಟಿಕೊಂಡಿತು. ಸುಮಾರು 48 ವರ್ಷದ ನಂತರ, 2007ರಲ್ಲಿ, ಅಲ್ಲಿನ ಬಿದಿರು ಮತ್ತೆ ಹೂ ಬಿಟ್ಟಿತು.

ಕಡಲಿನಿಂದ ಹೊಳೆಗೆ

ಈಗ ಸ್ವಲ್ಪ ದೂರ ಹೋಗಬೇಕು. ಪೆಸಿಫಿಕ್ ಸಾಗರದ ಉತ್ತರ ತೀರದಲ್ಲಿ ಸಾಲ್ಮನ್ ಎಂಬ ಮೀನುಗಳಿವೆ. ಹುಟ್ಟುವುದು ಹೊಳೆಯ ತಣ್ಣೀರಿನಲ್ಲಿ, ಬೆಳೆಯುವುದು ಕಡಲಿನಲ್ಲಿ, ಮೊಟ್ಟೆ ಇಡಲು ವಾಪಸು ಬರುವುದು ತಾವು ಹುಟ್ಟಿದ ಹೊಳೆಗೇ. ಹುಟ್ಟಿದ ಹೊಳೆಯ ನೀರಿನ ವಾಸನೆಯನ್ನು ಅವು ಮರೆಯುವುದಿಲ್ಲ ಎಂದು ಅಮೆರಿಕದ ಆರ್ಥರ್ ಹ್ಯಾಸ್ಲರ್ 1950ರ ದಶಕದಲ್ಲೇ ತೋರಿಸಲು ಶುರುಮಾಡಿದ್ದರು.

ಇವುಗಳಲ್ಲೇ ಒಂದು ಜಾತಿ ಸಾಕೈ. ಹೊಳೆಯ ಬಾಯಿಗೆ ಬಂದ ಸಾಕೈ ಸಾಲ್ಮನ್ ಊಟ ಬಿಡುತ್ತದೆ. ಬೆಳ್ಳಿಯಂತಿದ್ದ ಮೈ ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿನ ದವಡೆ ಕೊಕ್ಕೆಯಂತೆ ಬಾಗಿ ಬೆನ್ನಿನ ಮೇಲೆ ಗೂನು ಏಳುತ್ತದೆ. ಹೊಟ್ಟೆಯ ಕರುಳು ಸುರುಟಿ ಹೋಗುತ್ತದೆ. ಮೈಯಲ್ಲಿದ್ದ ಕೊಬ್ಬು, ಕೊನೆಕೊನೆಗೆ ಮಾಂಸಖಂಡವನ್ನೂ ಕರಗಿಸಿಕೊಂಡು ಪ್ರವಾಹದ ಎದುರು ಈಜುತ್ತದೆ. ಹೆಣ್ಣು ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡಿ ಮೊಟ್ಟೆ ಇಡುತ್ತದೆ. ಕೆಲವೇ ದಿನಗಳಲ್ಲಿ ಗಂಡು ಹೆಣ್ಣು ಎರಡೂ ಸಾಯುತ್ತವೆ. ಕರಡಿ, ಹದ್ದು ತಿಂದುಳಿದದ್ದು ದಡದ ಮರಗಳಿಗೆ ಗೊಬ್ಬರ.

ಆದರೆ ಇವುಗಳ ನೆಂಟ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಮೊಟ್ಟೆ ಇಟ್ಟು ಬದುಕಿ ಕಡಲಿಗೆ ಮರಳಿ, ಮತ್ತೆ ಬರುವ ಮೀನುಗಳೂ ಇವೆ.

ಲಾರಿ ಬಾಡಿಗೆ

ಬಿದಿರು ಮತ್ತು ಸಾಲ್ಮನ್, ಒಂದು ಹುಲ್ಲು ಒಂದು ಮೀನು. ಈ ಬಗೆಯ ಬದುಕಿಗೆ ಗಟ್ಟಿಯಾದ ತರ್ಕ ಕಟ್ಟಿಕೊಟ್ಟವರಲ್ಲಿ ಒಬ್ಬರು ನಮಗೆ ಚೆನ್ನಾಗಿ ಗೊತ್ತಿರುವ ಮಾಧವ ಗಾಡ್ಗೀಳ್. ಪಶ್ಚಿಮಘಟ್ಟದ ವರದಿಯಿಂದ ಅವರ ಹೆಸರು ಮನೆಮಾತಾಗುವುದಕ್ಕೆ ನಾಲ್ಕು ದಶಕ ಮುಂಚೆ, ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ವಿಲಿಯಂ ಬಾಸರ್ಟ್ ಜೊತೆ ಮಾಡಿದ ಕೆಲಸ ಅದು. 1970ರಲ್ಲಿ ‘ಅಮೆರಿಕನ್ ನ್ಯಾಚುರಲಿಸ್ಟ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಈ ವಿಷಯದ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ಒಂದೇ ಸಲ ಎಲ್ಲವನ್ನೂ ಸುರಿದು ಸಾಯುವುದಕ್ಕೆ ಅವರು ಬಿಗ್ ಬ್ಯಾಂಗ್ ಎಂದು ಹೆಸರಿಟ್ಟರು.

ಅವರ ಗಣಿತವನ್ನು ಬಿಟ್ಟು ಸಾರವನ್ನು ಗುಂಡ್ಲುಪೇಟೆಯ ಈರುಳ್ಳಿ ಬೆಳೆಗಾರನ ಲೆಕ್ಕದಲ್ಲಿ ಹೇಳಬಹುದು. ಅವನ ಬಳಿ ಐವತ್ತು ಚೀಲ ಇದೆ ಎನ್ನಿ. ಊರ ಸಂತೆಗೆ ತಲೆಹೊರೆಯಲ್ಲೋ ಬೈಕಿನಲ್ಲೋ ಒಯ್ದರೆ ಸಾಗಿಸುವ ಖರ್ಚು ಇಲ್ಲವೆನ್ನುವಷ್ಟು. ಆದರೆ ಸಂತೆಯಲ್ಲಿ ಐದು ಚೀಲದ ಮೇಲೆ ಇಳಿಸಿದರೆ ದರ ಬೀಳುತ್ತದೆ. ಹಾಗಾಗಿ ವಾರಕ್ಕಿಷ್ಟು ಮಾರುವುದೇ ಜಾಣತನ. ಅದನ್ನೇ ಕೋಯಿಕ್ಕೋಡಿಗೆ ಕಳಿಸಬೇಕೆಂದರೆ ಕಥೆ ಬೇರೆ. ಬಂಡೀಪುರದ ಕಾಡು ದಾಟುವ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ 2009ರಿಂದ ಬಂದ್, ಆ ಹೊತ್ತು ನೋಡಿಕೊಂಡು ಲಾರಿ ಹಿಡಿಯಬೇಕು. ಎರಡು ಚೀಲ ಹಾಕಿದರೂ ಬಾಡಿಗೆ ಅಷ್ಟೇ, ಐವತ್ತು ಹಾಕಿದರೂ ಅಷ್ಟೇ. ಮೊದಲ ಚೀಲಗಳೆಲ್ಲ ಬಾಡಿಗೆಗೇ ಹೋಗುತ್ತವೆ, ಲಾಭ ಕೊಡುವುದು ಕೊನೆಯ ಚೀಲಗಳು. ಮನೆಯಲ್ಲಿ ಒಂದು ಚೀಲವನ್ನೂ ಉಳಿಸದೆ ಹೇರಿಬಿಡುವುದೇ ಸರಿ.

ಜೀವಿಗಳ ಲೆಕ್ಕವೂ ಹೀಗೆಯೇ. ಸ್ವಲ್ಪ ಶಕ್ತಿ ಹಾಕಿದರೆ ಸ್ವಲ್ಪ ಮರಿ ಸಿಗುವ ಕಡೆ, ಇನ್ನಷ್ಟು ಹಾಕಿದಂತೆಲ್ಲ ಪ್ರತಿಫಲ ಇಳಿಯುತ್ತಾ ಹೋಗುವ ಕಡೆ, ಉಳಿಸಿಕೊಂಡು ಮುಂದಿನ ವರ್ಷ ನೋಡುವವನೇ ಗೆಲ್ಲುತ್ತಾನೆ. ತೆಂಗು ಅಂಥದ್ದು. ಹೆರುವುದಕ್ಕೆ ಮೊದಲೇ ದೊಡ್ಡ ಖರ್ಚು ಬೀಳುವ ಕಡೆ, ಅಥವಾ ಕೊನೆಯ ಪಾಲಿನ ಶಕ್ತಿಯೇ ಹೆಚ್ಚು ಮರಿ ತರುವ ಕಡೆ, ಎಲ್ಲವನ್ನೂ ಸುರಿದವನು ಗೆಲ್ಲುತ್ತಾನೆ. ನೂರಾರು ಮೈಲಿ ಪ್ರವಾಹದ ವಿರುದ್ಧ ಈಜಿ ಬಂದ ಸಾಲ್ಮನ್‌ಗೆ ಆ ದಾರಿಯೇ ಲಾರಿ ಬಾಡಿಗೆ. ಅಷ್ಟು ತೆತ್ತ ಮೇಲೆ ಅರ್ಧ ಮೊಟ್ಟೆ ಇಟ್ಟು ಅರ್ಧ ಶಕ್ತಿ ಉಳಿಸಿಕೊಂಡು ಕಡಲಿಗೆ ಮರಳಿ, ಇನ್ನೊಮ್ಮೆ ಅದೇ ದಾರಿ ಹತ್ತುತ್ತೇನೆಂದು ಹೊರಟ ಮೀನಿನ ವಂಶ ಹೆಚ್ಚು ಕಾಲ ಉಳಿಯಲಿಲ್ಲ.

ಮೀನು ಕೂತು ಲೆಕ್ಕ ಹಾಕುವುದಿಲ್ಲ, ಅದು ಗೊತ್ತಿರುವ ವಿಷಯ. ತಲೆಮಾರುಗಟ್ಟಲೆ ಬೇರೆ ಬೇರೆ ಅಭ್ಯಾಸದ ಮೀನುಗಳಿದ್ದವು, ಆಯಾ ಹೊಳೆಗೆ ಹೊಂದಿದ ಅಭ್ಯಾಸದವು ಹೆಚ್ಚು ಮರಿ ಬಿಟ್ಟವು. ಅಷ್ಟೇ.

ಬಾಳೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾವು ತಿನ್ನುವ ಬಾಳೆಗೆ ಬೀಜವೇ ಇಲ್ಲ, ಆದ್ದರಿಂದ ಗೊನೆಗೆ ಪ್ರಾಣ ಕೊಟ್ಟು ಅದಕ್ಕೆ ಸಿಗುವ ಲಾಭವೂ ಇಲ್ಲ. ಅದು ತನ್ನ ಕಾಡುಪೂರ್ವಜರು ಕಲಿತ ಲೆಕ್ಕವನ್ನು ಸುಮ್ಮನೆ ಒಪ್ಪಿಸುತ್ತಿದೆ. ಅದರ ಗಳಿಕೆ ನಮ್ಮ ಜೇಬಿಗೆ.

ಹೊಳೆಗೊಂದು ಲೆಕ್ಕ

ಲೆಕ್ಕ ಊರಿನ ಮೇಲೆ ನಿಂತಿದ್ದರೆ, ಊರು ಬದಲಾದಂತೆ ಬಾಳ್ವೆಯೂ ಬದಲಾಗಬೇಕಲ್ಲ? ಆಗುತ್ತದೆ. ನನಗಂತೂ ಈ ಇಡೀ ವಿಷಯದಲ್ಲಿ ಅತ್ಯಂತ ರುಚಿಕಟ್ಟಾದ ಭಾಗ ಇದೇ.

ಅಮೆರಿಕದ ಪೂರ್ವ ತೀರದಲ್ಲಿ ಶಾಡ್ ಎಂಬ ಮೀನಿದೆ. ಬಂಗಾಳಿಗಳು ಪ್ರಾಣ ಬಿಡುವ ಇಲಿಶ್‌ನ ನೆಂಟ. ಇದೂ ಸಾಲ್ಮನ್‌ನಂತೆ ಕಡಲಿನಿಂದ ಹೊಳೆಗೆ ಬಂದು ಮೊಟ್ಟೆ ಇಡುತ್ತದೆ. ದಕ್ಷಿಣದಲ್ಲಿ ಫ್ಲಾರಿಡಾದ ಹೊಳೆಗೆ ಬರುವ ಶಾಡ್ ಮೊಟ್ಟೆ ಇಟ್ಟ ಮೇಲೆ ಬದುಕುವುದಿಲ್ಲ. ತೀರದುದ್ದಕ್ಕೂ ಉತ್ತರಕ್ಕೆ ಹೋದಂತೆ ಬದುಕಿ ಮರಳುವವುಗಳ ಪಾಲು ಏರುತ್ತದೆ. ಕೆನಡಾ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮೀನುಗಳು ಹಿಂದೆಯೂ ಒಮ್ಮೆ ಹೊಳೆ ಹತ್ತಿದವೇ. ವಿಲಿಯಂ ಲೆಗೆಟ್ ಮತ್ತು ಜೇಮ್ಸ್ ಕಾರ್‌ಸ್ಕ್ಯಾಡನ್ 1978ರಲ್ಲಿ ಇದನ್ನು ವಿವರವಾಗಿ ಬರೆದರು. ಅವರು ಕೊಟ್ಟ ಕಾರಣ ಹೀಗೆ. ಉತ್ತರದ ಹೊಳೆಗಳ ಚಳಿ, ಪ್ರವಾಹ ನಂಬುವಂಥದ್ದಲ್ಲ. ಒಂದು ವರ್ಷ ಮರಿಗಳೆಲ್ಲ ಉಳಿದರೆ ಇನ್ನೊಂದು ವರ್ಷ ಒಂದೂ ಉಳಿಯದಿರಬಹುದು. ಅಂಥಲ್ಲಿ ಇದ್ದದ್ದನ್ನೆಲ್ಲ ಒಂದೇ ವರ್ಷಕ್ಕೆ ಕಟ್ಟಿದವನು ದಿವಾಳಿ. ಎರಡು ಮೂರು ವರ್ಷಕ್ಕೆ ಹಂಚಿಟ್ಟವನು ಬಚಾವ್. ಬಿಸಿಲಿನ ದಕ್ಷಿಣದಲ್ಲಿ ಆ ಅಳುಕು ಕಡಿಮೆ, ಅಲ್ಲಿ ಎಲ್ಲವನ್ನೂ ಒಮ್ಮೆಗೇ ಸುರಿಯಬಹುದು.

ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ವ್ಯತ್ಯಾಸ ಕಾಣುವುದು ಬಾಲ್ಯದಲ್ಲಿ. ಸ್ಪೇನಿನ ಬೆಚ್ಚನೆಯ ಹೊಳೆಗಳಲ್ಲಿ ಹುಟ್ಟಿದ ಮರಿ ಒಂದೆರಡು ವರ್ಷಕ್ಕೇ ಕಡಲಿಗೆ ಇಳಿಯುತ್ತದೆ. ಕೆನಡಾದ ಉತ್ತರದ ಹಿಮದ ನಾಡಿನಲ್ಲಿ ಅಷ್ಟೇ ಗಾತ್ರಕ್ಕೆ ಬೆಳೆಯಲು ನಾಲ್ಕೈದು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯಲ್ಲಿ ಒಂದೇ ಕೆರೆಗೆ ಬರುವ ಸಾಕೈ ಮೀನುಗಳೊಳಗೇ ಎರಡು ಮೈಕಟ್ಟು. ಕೆರೆಯ ದಡದ ಆಳ ನೀರಿನಲ್ಲಿ ಮೊಟ್ಟೆ ಇಡುವ ಗಂಡುಗಳಿಗೆ ಭಾರಿ ಗೂನು, ಹೆಣ್ಣುಗಳಿಗೆ ಅದೇ ಇಷ್ಟ. ಪಾದ ಮುಳುಗುವಷ್ಟೇ ನೀರಿರುವ ತೊರೆಗಳಿಗೆ ಹೋಗುವ ಗಂಡುಗಳು ತೆಳ್ಳಗೆ. ಅಲ್ಲಿ ಗೂನು ನೀರಿನ ಮೇಲೆ ಕಂಡರೆ ಕರಡಿ ಎತ್ತಿಕೊಂಡು ಹೋಗುತ್ತದೆ. ಎರಡು ತಾಣಗಳ ನಡುವೆ ದೂರ ಹೆಚ್ಚಿಲ್ಲ. ಆದರೆ ಹುಟ್ಟಿದಲ್ಲಿಗೇ ಮರಳುವ ಹಟ ಇರುವುದರಿಂದ ತೊರೆಯ ಮೀನು ತೊರೆಯಲ್ಲೇ ಸಂಬಂಧ ಬೆಳೆಸುತ್ತದೆ. ಒಂದೊಂದು ಹೊಳೆಯೂ ತನ್ನದೇ ಒಳಬಳಗ ಕಟ್ಟಿಕೊಂಡು ತನ್ನ ಲೆಕ್ಕವನ್ನು ಕಾಪಾಡಿಕೊಳ್ಳುವುದು ಹೀಗೆ.

ಇದೆಲ್ಲ ನೀರಿನ ಗುಣ, ಮೀನಿನದೇನಿಲ್ಲ ಎಂದು ಯಾರಾದರೂ ವಾದಿಸಬಹುದು. ಅದಕ್ಕೆ ಉತ್ತರ ನ್ಯೂಜಿಲೆಂಡಿನಲ್ಲಿ ಸಿಕ್ಕಿತು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಕಡೆಯಿಂದ ಚಿನೂಕ್ ಸಾಲ್ಮನ್ ಮೊಟ್ಟೆಗಳನ್ನು 1900ರ ದಶಕದ ಮೊದಲ ವರ್ಷಗಳಲ್ಲಿ ಹಡಗಿನಲ್ಲಿ ಒಯ್ದು ಅಲ್ಲಿನ ದಕ್ಷಿಣ ದ್ವೀಪದ ಹೊಳೆಗೆ ಬಿಟ್ಟರು. ಮೀನು ತಾನಾಗಿ ಅಕ್ಕಪಕ್ಕದ ನದಿಗಳಿಗೂ ಹರಡಿತು. ನೂರು ವರ್ಷ ತುಂಬುವ ಮೊದಲೇ, ಸುಮಾರು ಮೂವತ್ತು ತಲೆಮಾರಿನಲ್ಲಿ, ಒಂದೇ ಮೂಲದ ಈ ಮೀನುಗಳು ನದಿಯಿಂದ ನದಿಗೆ ಬೇರೆಯಾಗಿದ್ದವು. ಬೆಳೆಯುವ ವೇಗ, ಪ್ರಾಯಕ್ಕೆ ಬರುವ ವಯಸ್ಸು, ಮೊಟ್ಟೆಗೆ ಹಾಕುವ ಬಂಡವಾಳ ಎಲ್ಲದರಲ್ಲೂ ವ್ಯತ್ಯಾಸ. ಥಾಮಸ್ ಕ್ವಿನ್, ಮೈಕೆಲ್ ಕಿನಿಸನ್, ಮಾರ್ಟಿನ್ ಅನ್ವಿನ್ ಅವರು ಮರಿಗಳನ್ನು ಒಂದೇ ಕಡೆ ಸಾಕಿ ನೋಡಿದರು, ಹಲವು ವ್ಯತ್ಯಾಸಗಳು ಅಲ್ಲಿಯೂ ಉಳಿದವು. ರಕ್ತಕ್ಕೇ ಇಳಿದಿದ್ದವು ಎಂದರ್ಥ. ದೂರದ ದಾರಿ ಹತ್ತಬೇಕಾದ ಮೀನು ಮೊಟ್ಟೆಗೆ ಕಡಿಮೆ ಹಾಕುತ್ತದೆ ಎಂಬುದೂ ಇದೇ ಅಧ್ಯಯನಗಳಲ್ಲಿ ಗಟ್ಟಿಯಾಯಿತು. ಬಾಡಿಗೆ ಹೆಚ್ಚಾದಷ್ಟೂ ಸರಕಿಗೆ ಉಳಿಯುವುದು ಕಡಿಮೆ.

ಹೊಳೆಗೊಂದು ಲೆಕ್ಕ ಇರುವುದರಿಂದ ಮನುಷ್ಯರಿಗೂ ಲಾಭವಿದೆ. ಒಂದು ತೊರೆಗೆ ಕೆಟ್ಟ ವರ್ಷವಾದದ್ದು ಇನ್ನೊಂದಕ್ಕೆ ಒಳ್ಳೆಯದಾಗಬಹುದು. ಬ್ರಿಸ್ಟಲ್ ಕೊಲ್ಲಿಯ ಮೀನುಗಳೆಲ್ಲ ಒಂದೇ ಅಚ್ಚಿನವಾಗಿದ್ದರೆ ಅಲ್ಲಿ ಮೀನುಗಾರಿಕೆ ನಿಲ್ಲಿಸಬೇಕಾದ ವರ್ಷಗಳು ಹತ್ತು ಪಟ್ಟು ಹೆಚ್ಚುತ್ತಿದ್ದವು ಎಂದು ಡೇನಿಯಲ್ ಶಿಂಡ್ಲರ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ನಲ್ಲಿ ಅಂದಾಜು ಕೊಟ್ಟರು.

ಬಿದಿರಿಗೂ ಊರುಂಟು

ಬಂಡೀಪುರಕ್ಕೆ ಮರಳೋಣ. ಬಿದಿರಿಗೆ ಈಜುವ ದಾರಿಯಿಲ್ಲ, ಹಾಗಾದರೆ ಅದರ ಬಾಡಿಗೆ ಯಾವುದು? ಇಲಿ, ಹಕ್ಕಿ, ಹಂದಿಗಳ ಹೊಟ್ಟೆ. ಒಂದು ಮೆಳೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಾಳು ಉದುರಿಸಿದರೆ ಅಷ್ಟೂ ಇಲಿಯ ಪಾಲಾಗುತ್ತದೆ. ಕಾಡಿನ ಮೆಳೆಗಳೆಲ್ಲ ಸೇರಿ ಒಂದೇ ವರ್ಷ ರಾಶಿ ಸುರಿದರೆ ತಿನ್ನುವವರ ಹೊಟ್ಟೆ ತುಂಬಿ ಮಿಕ್ಕದ್ದು ಮೊಳೆಯುತ್ತದೆ. 1976ರಲ್ಲಿ ಡೇನಿಯಲ್ ಜಾನ್ಜನ್ ಮುಂದಿಟ್ಟ ವಿವರಣೆ ಇದು. ಮೊದಲ ಚೀಲಗಳು ಇಲಿಗೆ, ಕೊನೆಯ ಚೀಲಗಳು ಸಂತಾನಕ್ಕೆ. ಮೇಲಾಗಿ, ಒಂಟಿಯಾಗಿ ಬೇರೆ ವರ್ಷ ಹೂ ಬಿಟ್ಟ ಮೆಳೆಯ ಕಾಳು ಪೂರ್ತಿ ತಿನ್ನಿಸಿಕೊಂಡು ಹೋಗುವುದರಿಂದ ಎಲ್ಲರೂ ಒಟ್ಟಿಗೇ ಇರಬೇಕಾಗುತ್ತದೆ.

ಆ ‘ಒಟ್ಟಿಗೆ’ ಎಂಬುದು ಎಷ್ಟು ವರ್ಷಕ್ಕೊಮ್ಮೆ? ಇಲ್ಲಿ ಊರಿನ ಮಾತು ಮತ್ತೆ ಬರುತ್ತದೆ. ನಮ್ಮ ಕಾಡಿನ ಮುಳ್ಳುಬಿದಿರು ಪಶ್ಚಿಮ ಕರಾವಳಿಯ ಕಡೆ 1804, 1836, 1868ರಲ್ಲಿ ಹೂ ಬಿಟ್ಟದ್ದು ಹಳೆಯ ದಾಖಲೆಗಳಲ್ಲಿದೆ. ಅಂದರೆ 32 ವರ್ಷ. ಡೆಹ್ರಾಡೂನಿನಲ್ಲಿ ಅದೇ ಬಿದಿರು 1836, 1881, 1926ರಲ್ಲಿ ಅರಳಿತು. ಅಲ್ಲಿ 45. ಒಣ ಗುಡ್ಡಗಳ ಗಟ್ಟಿ ಗಳುವಿನ ಕಿರುಬಿದಿರಿಗಂತೂ ಇಪ್ಪತ್ತು ವರ್ಷದಿಂದ ಅರವತ್ತರ ಮೇಲಿನವರೆಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಲೆಕ್ಕ. ನಡುವೆ ಬಿಡಿ ಮೆಳೆಗಳು ಅರಳುವುದೂ ಉಂಟು. ಗಡಿಯಾರ ಮಳೆ ಬಿಸಿಲಿನಲ್ಲಿ ಇಲ್ಲ, ಗಿಡದೊಳಗಿದೆ. ಪೂರ್ವ ಏಷ್ಯಾದ ಒಂದು ಬಿದಿರು ಸುಮಾರು 120 ವರ್ಷಕ್ಕೊಮ್ಮೆ ಅರಳುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ಅದು ಅರಳಿದಾಗ, ಅಲ್ಲಿಂದ ಬುಡ ಒಯ್ದು ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಟ್ಟದ್ದೂ ಅದೇ ಹೊತ್ತಿಗೆ ಅರಳಿತು.

ಗಾಡ್ಗೀಳರು ಬೆಂಗಳೂರಿಗೆ ಬಂದ ಮೇಲೆ ಬಿದಿರಿನ ಬೆನ್ನು ಹತ್ತಿದ್ದಕ್ಕೆ ಮೇದಾರರು ಕಾರಣ. ಬುಟ್ಟಿ ಹೆಣೆಯಲು ಬಿದಿರಿಲ್ಲ, ಕಾಗದದ ಕಾರ್ಖಾನೆಗಳಿಗೆ ಮಾತ್ರ ಚಿಲ್ಲರೆ ಕಾಸಿಗೆ ಟನ್‌ಗಟ್ಟಲೆ ಹೋಗುತ್ತಿದೆ ಎಂಬುದು 1970ರ ದಶಕದಲ್ಲಿ ಅವರ ದೂರು. ಉತ್ತರ ಕನ್ನಡದಲ್ಲಿ ನೋಡಿದರೆ, ಮೆಳೆ ಚೆನ್ನಾಗಿ ಬೆಳೆಯಲೆಂದು ಬುಡದ ಮುಳ್ಳುಕೊಂಬೆಗಳನ್ನು ಸವರಿ ಚೊಕ್ಕ ಮಾಡುತ್ತಿದ್ದರು. ದನ, ಮುಳ್ಳುಹಂದಿಗಳಿಗೆ ಕಳಲೆ ತಿನ್ನಲು ಬಾಗಿಲು ತೆರೆದಂತಾಗಿತ್ತು. ಆ ಮುಳ್ಳು ಬಿದಿರಿನ ಬಾಳ್ವೆಯ ಲೆಕ್ಕದಲ್ಲಿ ಬರೆದಿಟ್ಟ ಖರ್ಚು, ದುಂದುಗಾರಿಕೆಯಲ್ಲ. ನರೇಂದ್ರ ಪ್ರಸಾದ್ ಜೊತೆ ಸೇರಿ ಮುಳ್ಳುಬಿದಿರು, ಕಿರುಬಿದಿರುಗಳ ಬಾಳ್ವೆ ಹೇಗೆ ರೂಪುಗೊಂಡಿತು ಎಂಬ ಬಗ್ಗೆ ಗಾಡ್ಗೀಳರು 1984ರಲ್ಲಿ ‘ಬಯೋಟ್ರೋಪಿಕಾ’ದಲ್ಲಿ ಬರೆದರು.

ಬೇರೆ ಹೊಳೆಯ ಮರಿ

ಬಂಡೀಪುರದ ದಕ್ಷಿಣ ಅಂಚಿನಲ್ಲಿ ಮೋಯಾರ್ ಹರಿಯುತ್ತದೆ, ಭವಾನಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಇದೇ ಕಾವೇರಿಯ ಬಳಗದ ಹೊಳೆಗಳಲ್ಲಿ ನಮ್ಮದೇ ದೊಡ್ಡ ಮೀನು ಮಹಶೀರ್ ಇತ್ತು. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್. ಸಾಲ್ಮನ್‌ನಂತೆ ಇದೂ ಮಳೆಗಾಲದಲ್ಲಿ ಹೊಳೆ ಹತ್ತುತ್ತದೆ, ಆದರೆ ಇದು ಬಹುಫಲಿ. ನಿಧಾನವಾಗಿ ಬೆಳೆದು, ವರ್ಷಗಟ್ಟಲೆ ಬದುಕಿ, ಮತ್ತೆ ಮತ್ತೆ ಮೊಟ್ಟೆ ಇಡುವ ಮೀನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತು. ಇಂಥ ಬಾಳ್ವೆಯ ಮೀನಿಗೆ ಒಂದೆರಡು ಮಳೆ ಕೈಕೊಟ್ಟರೆ ನಷ್ಟವಿಲ್ಲ. ಆದರೆ ಡೈನಮೈಟ್ ಸಿಡಿಸಿ ದೊಡ್ಡ ಮೀನುಗಳನ್ನೇ ತೆಗೆದರೆ, ಅಣೆಕಟ್ಟು ಕಟ್ಟಿ ಹೊಳೆ ಹತ್ತುವ ದಾರಿಯನ್ನೇ ಮುಚ್ಚಿದರೆ, ಅದರ ಇಡೀ ಲೆಕ್ಕ ತಲೆಕೆಳಗಾಗುತ್ತದೆ.

ಮಹಶೀರ್ ಕಡಿಮೆಯಾಯಿತೆಂದು ನಾವು ಮಾಡಿದ್ದು ಮರಿ ಬಿಡುವ ಕೆಲಸ. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅವು ನೀಲಿ ರೆಕ್ಕೆಯ ಮಹಶೀರ್, ಕೃಷ್ಣೆಯ ಕಡೆಯ ಹೊಳೆಗಳಲ್ಲಿ ಬಾಳಿದ ವಂಶ. ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದವರು ಕಾವೇರಿ ದಡದ ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ತೆಗೆದು ನೋಡಿದರು. ನೀಲಿ ರೆಕ್ಕೆಯದು ಏರುತ್ತಾ ಹೋಗಿತ್ತು, ಕಿತ್ತಳೆ ರೆಕ್ಕೆಯದು ಕುಸಿದಿತ್ತು. ಗಾಲಿಬೋರೆಯ ಆಚೆ ದಡವೇ ಚಾಮರಾಜನಗರ ಜಿಲ್ಲೆಯ ಕಾಡು.

ಕಿತ್ತಳೆ ರೆಕ್ಕೆಯ ಮೀನಿಗೆ ಆಗಿನ್ನೂ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಮೋಯಾರ್‌ನಲ್ಲಿ ಸಿಕ್ಕ ಮೀನುಗಳನ್ನು ಹೋಲಿಸಿ ನೋಡಿ, ಅದು ಕೇರಳದ ಪಾಂಬಾರಿನಿಂದ ಮೊದಲೇ ವಿವರಿಸಿದ್ದ ಟಾರ್ ರೇಮಾದೇವಿ ಎಂದು 2018ರಲ್ಲಿ ಖಚಿತಪಡಿಸಿದರು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ತೀವ್ರ ಅಳಿವಿನಂಚಿನ ಜೀವಿ ಎಂದು ಸೇರಿತು.

ಕೆರೆ ಹೊಳೆಗಳಿಗೆ ಮೀನುಮರಿ ಬಿಡುವ ಕಾರ್ಯಕ್ರಮಗಳು ಈಗಲೂ ನಡೆಯುತ್ತವೆ, ಫೋಟೊಗಳು ಪತ್ರಿಕೆಯಲ್ಲಿ ಬರುತ್ತವೆ. ನಿಮ್ಮೂರಿನಲ್ಲಿ ಅಂಥದ್ದು ನಡೆದಾಗ ಎಷ್ಟು ಲಕ್ಷ ಮರಿ ಎಂದು ಕೇಳಬೇಡಿ. ಇದರ ತಾಯಿಮೀನು ಯಾವ ಹೊಳೆಯದು ಎಂದು ಕೇಳಿ.